ಮೊಬೈಲ್‌ಗೆ ನೆಟ್ ಇದೆ, ಕಂಪ್ಯೂಟರ್‌ಗೆ ಇಲ್ಲ

ಪ್ರಶ್ನೆ: ರೂಟರ್ ಕೆಳಗೆ ಹಾಲ್‌ನಲ್ಲಿದೆ. ಮಹಡಿಯ ಕಂಪ್ಯೂಟರ್‌ಗೆ ಹೊರಗೋಡೆ ಮೇಲೆ ಲ್ಯಾನ್ ಕೇಬಲ್ ಎಳೆಸಿದ್ದೇವೆ. ಇಷ್ಟು ದಿನ ಚೆನ್ನಾಗಿತ್ತು. ಮಳೆ ಶುರುವಾದ ಮೇಲೆ ಕಂಪ್ಯೂಟರ್‌ನಲ್ಲಿ ನೆಟ್ ಇಲ್ಲ. ಮೊಬೈಲ್‌ಗಳಲ್ಲಿ ವೈಫೈ ಸರಿಯಾಗಿದೆ. ಕಂಪ್ಯೂಟರ್‌ನ ಐಪಿ ವಿಳಾಸ 169.254 ಎಂದು ಶುರುವಾಗುತ್ತದೆ. ರೂಟರ್ ರೀಸೆಟ್ ಮಾಡಿ ಎನ್ನುತ್ತಾರೆ ಪಕ್ಕದ ಮನೆಯವರು. ಮಾಡಲಾ?
ನಿವೃತ್ತ ಶಿಕ್ಷಕಿ, ಅಶೋಕನಗರ, ಮಂಡ್ಯ

ಉತ್ತರ: ಬೇಡ ಮೇಡಂ, ದಯವಿಟ್ಟು ರೂಟರ್‌ನ ರೀಸೆಟ್ ಎಂಬ ಆ ಸಣ್ಣ ತೂತಿಗೆ ಪಿನ್ನು ಚುಚ್ಚಬೇಡಿ. ರೀಸೆಟ್ ಮಾಡಿದರೆ ನಿಮ್ಮ ವೈಫೈ ಹೆಸರು, ಪಾಸ್‌ವರ್ಡ್ ಅಳಿಸಿಹೋಗುತ್ತವೆ. ಕೆಲವು ಕನೆಕ್ಷನ್‌ಗಳಲ್ಲಿ ಕಂಪನಿಯವರು ಹಾಕಿಕೊಟ್ಟ ಲಾಗಿನ್ ಕೂಡ ಹೋಗುತ್ತದೆ. ಆಗ ಮೊಬೈಲ್‌ನ ನೆಟ್ಟೂ ನಿಂತುಬಿಡುತ್ತದೆ. ಸುಮ್ನೆ ಸ್ವಿಚ್ ಆಫ್ ಮಾಡಿ ಆನ್ ಮಾಡುವುದಾದರೆ ಧಾರಾಳವಾಗಿ ಮಾಡಿ.

ಆ ನಂಬರ್ ಬರೆದು ಕಳಿಸಿದ್ದು ಬಹಳ ಒಳ್ಳೆಯದಾಯಿತು. ಕಂಪ್ಯೂಟರ್ ಆನ್ ಆದಾಗ ರೂಟರ್ ಹತ್ತಿರ ಒಂದು ವಿಳಾಸ ಕೇಳುತ್ತದೆ. ಮನೆಯ ರೂಟರ್ ಸಾಮಾನ್ಯವಾಗಿ 192.168 ಎಂದು ಶುರುವಾಗುವ ವಿಳಾಸ ಕೊಡುತ್ತದೆ. ಉತ್ತರವೇ ಬರದಿದ್ದರೆ ವಿಂಡೋಸ್ ತಾನಾಗಿಯೇ 169.254ರ ವಿಳಾಸ ಹಾಕಿಕೊಳ್ಳುತ್ತದೆ. ಅದೇ ರೂಟರ್ ಮೊಬೈಲ್‌ಗಳಿಗೆ ವಿಳಾಸ ಕೊಡುತ್ತಿದೆ ಅಲ್ವಾ? ಹಾಗಾಗಿ ಕಂಪನಿಗೆ ದೂರು ಕೊಟ್ಟು ಕಾಯುವುದರಿಂದ ಪ್ರಯೋಜನವಿಲ್ಲ. ತೊಂದರೆ ಹಾಲ್‌ಗೂ ಮಹಡಿಗೂ ನಡುವೆ ಇದೆ.

ನನಗೆ ಹೆಚ್ಚು ಅನುಮಾನ ಹೊರಗೋಡೆಯ ಕೇಬಲ್ ಮೇಲೆ. ಇಲ್ಲಿ ಮೈಸೂರಿನ ಎಷ್ಟೋ ಮನೆಗಳಲ್ಲಿ ಇದನ್ನೇ ನೋಡಿದ್ದೇನೆ. ಮನೆಯೊಳಗೆ ಬಳಸುವ ಬೂದು ಕೇಬಲನ್ನು ಬಿಸಿಲಿಗೆ ಎಳೆದುಬಿಟ್ಟಿರುತ್ತಾರೆ. ಬಿಸಿಲಿಗೆ ಮೇಲಿನ ಪದರ ಬಿರಿಯುತ್ತದೆ. ಮಳೆ ನೀರು ಇಳಿದು ಒಳಗಿನ ತಂತಿಗೆ ಕಿಲುಬು ಹಿಡಿಯುತ್ತದೆ. ಪಕ್ಕದಲ್ಲಿ ತೆಂಗಿನ ಮರ ಇದ್ದರೆ ಅಳಿಲು ಕಡಿದಿರುವುದೂ ಉಂಟು.

ಆದರೂ ಕೇಬಲ್ ಕಿತ್ತುಹಾಕುವ ಮೊದಲು ಖಾತ್ರಿ ಮಾಡಿಕೊಳ್ಳಿ. ಎರಡೂ ತುದಿ ಬಿಚ್ಚಿ, ಟಕ್ ಎನ್ನುವವರೆಗೆ ಮತ್ತೆ ಒತ್ತಿ. ರೂಟರ್‌ನಲ್ಲಿ ಲ್ಯಾನ್ ಎಂದು ಬರೆದಿರುವ ಇನ್ನೊಂದು ಪೋರ್ಟಿಗೂ ಹಾಕಿ ನೋಡಿ. ವ್ಯಾನ್ ಎಂದಿದ್ದರೆ ಅದು ಬೇಡ. ಕಂಪ್ಯೂಟರ್ ಹಿಂದೆ ಕೇಬಲ್ ಸೇರುವ ಜಾಗದಲ್ಲಿ ಲೈಟ್ ಬರದಿದ್ದರೆ ಒಳಗೆ ತಂತಿ ಕಡಿದಿರುವ ಸಾಧ್ಯತೆ ಜಾಸ್ತಿ. ಲೈಟ್ ಬಂದ ಮಾತ್ರಕ್ಕೆ ಕೇಬಲ್ ಸರಿ ಇದೆ ಎಂದುಕೊಳ್ಳಬೇಡಿ. ಯಾರಾದರೂ ಹುಡುಗರ ಕೈಲಿ ಸಿಪಿಯು, ಮಾನಿಟರ್ ಕೆಳಗಿಳಿಸಿ. ನೀವು ಎತ್ತಬೇಡಿ. ರೂಟರ್ ಜೊತೆ ಬಂದ ಗಿಡ್ಡ ಕೇಬಲ್ ಹಾಕಿ. ನೆಟ್ ಬಂದರೆ ಗೋಡೆಯ ಕೇಬಲ್‌ದೇ ತಪ್ಪು.

ಹೊಸದು ಕೊಳ್ಳುವಾಗ ಹೊರಗೆ ಹಾಕುವ ಕಪ್ಪು ಕ್ಯಾಟ್ 6 ಕೇಬಲ್, ಪೂರ್ತಿ ತಾಮ್ರದ್ದು ಎಂದು ಕೇಳಿ. ಅಗ್ಗದ್ದರಲ್ಲಿ ಅಲ್ಯೂಮಿನಿಯಂ ತಂತಿಗೆ ಮೇಲೆ ತಾಮ್ರ ಬಳಿದಿರುತ್ತಾರೆ. ಪಿವಿಸಿ ಪೈಪಿನೊಳಗೆ ಎಳೆಸಿ. ಗಿಡ್ಡ ಕೇಬಲ್‌ನಲ್ಲೂ ನೆಟ್ ಬರದಿದ್ದರೆ ಕಂಪ್ಯೂಟರ್‌ನ ಪೋರ್ಟ್ ಹೋಗಿರಬಹುದು. ಅದಕ್ಕೂ ಹೊಸ ಕಂಪ್ಯೂಟರ್ ಬೇಕಿಲ್ಲ, ಯುಎಸ್‌ಬಿಗೆ ಚುಚ್ಚುವ ಲ್ಯಾನ್ ಅಡಾಪ್ಟರ್ ಸಾಕು.