ಪೇಪರ್ ಕಷ್ಟವೋ, ಮಕ್ಕಳು ಹಿಂದೋ?

ಪ್ರಶ್ನೆ: ನಮ್ಮ ಕ್ಲಸ್ಟರಿನ ಎಂಟನೇ ತರಗತಿಯ 120 ಮಕ್ಕಳಿಗೆ 40 ಅಂಕದ ಬಹು ಆಯ್ಕೆಯ ಗಣಿತ ಪರೀಕ್ಷೆ ಕೊಟ್ಟೆವು. ಹೋದ ವರ್ಷ ಸರಾಸರಿ 28 ಬಂದಿತ್ತು, ಈ ವರ್ಷ 22. ಎರಡೂ ಪತ್ರಿಕೆಗಳಲ್ಲಿ 10 ಪ್ರಶ್ನೆಗಳು ಒಂದೇ ಇದ್ದವು. ಆ ಹತ್ತರಲ್ಲಿ ಹೋದ ಸಲದ ಸರಾಸರಿ 6.8, ಈ ಸಲ 6.5. ಮಕ್ಕಳು ಹಿಂದೆ ಬಿದ್ದಿದ್ದಾರೆ ಎನ್ನುತ್ತಾರೆ ನಮ್ಮ ಹೆಡ್‌ಮಾಸ್ಟರು. ಹೌದೇ?
– ಗಣಿತ ಶಿಕ್ಷಕಿ, ಮದ್ದೂರು

ಉತ್ತರ: ಬರೀ 28 ಮತ್ತು 22 ನೋಡಿ ಹಾಗೆ ಹೇಳಲು ಬರುವುದಿಲ್ಲ ಮೇಡಂ. ಅಂಕದೊಳಗೆ ಮಗುವಿನ ಸಾಮರ್ಥ್ಯವೂ ಇದೆ, ಪ್ರಶ್ನೆಯ ಕಠಿಣತೆಯೂ ಇದೆ. ಇವೆರಡನ್ನೂ ಒಂದೇ ಅಳತೆಪಟ್ಟಿಯ ಮೇಲೆ ತರುವ ದಾರಿಯನ್ನು ಡೆನ್ಮಾರ್ಕಿನ ಗಣಿತಜ್ಞ ಜಾರ್ಜ್ ರಾಷ್ 1960ರಲ್ಲಿ ಪ್ರಕಟಿಸಿದರು. ಅದರ ಮಾನ ಲಾಜಿಟ್. ಸಾಮರ್ಥ್ಯದಿಂದ ಕಠಿಣತೆಯನ್ನು ಕಳೆದಾಗ ಸೊನ್ನೆ ಬಂದರೆ ಉತ್ತರ ಸರಿಯಾಗುವ ಸಂಭವ ಶೇ. 50, 1 ಬಂದರೆ ಶೇ. 73, 2 ಬಂದರೆ ಶೇ. 88; ಋಣ 1 ಆದರೆ ಶೇ. 27.

ಅದೃಷ್ಟಕ್ಕೆ ನಿಮ್ಮ ಹತ್ತಿರ ಹತ್ತು ಪ್ರಶ್ನೆಗಳ ಕೊಂಡಿ ಇದೆ. ಅದಿಲ್ಲದಿದ್ದರೆ ಯಾವ ಮಾದರಿಯೂ ನಿಮ್ಮ ಹೆಡ್‌ಮಾಸ್ಟರಿಗೆ ಉತ್ತರ ಕೊಡುತ್ತಿರಲಿಲ್ಲ. ಸರಿಯನ್ನು ತಪ್ಪಿನಿಂದ ಭಾಗಿಸಿ ಸ್ವಾಭಾವಿಕ ಲಾಗ್ ತೆಗೆಯಿರಿ. ಇಡೀ ಪತ್ರಿಕೆಗೆ ಹೋದ ವರ್ಷ 28/12ರಿಂದ 0.85, ಈ ವರ್ಷ 22/18ರಿಂದ 0.20. ಇಳಿಕೆ 0.65. ಸಮಾನ ಪ್ರಶ್ನೆಗಳಲ್ಲಿ 6.8/3.2ರಿಂದ 0.75, 6.5/3.5ರಿಂದ 0.62. ಇಲ್ಲಿ ಇಳಿದದ್ದು 0.13 ಮಾತ್ರ. ಮಿಕ್ಕ 0.52 ಲಾಜಿಟ್ ಪತ್ರಿಕೆ ಬಿಗಿಯಾಗಿದ್ದುದರ ಫಲ. ಇದು ಕೈಲೆಕ್ಕ, ತಂತ್ರಾಂಶ ಹಾಕಿದರೆ ಅಂಕೆ ಸ್ವಲ್ಪ ಅತ್ತಿತ್ತ ಆದೀತು. ಆದರೆ 120 ಮಕ್ಕಳ ಎರಡು ತಂಡಗಳ ನಡುವೆ 0.13ರಷ್ಟು ವ್ಯತ್ಯಾಸ ಆಕಸ್ಮಿಕವಾಗಿಯೂ ಬರುತ್ತದೆ. ಅದನ್ನು ಹಿಡಿದು ಮಕ್ಕಳನ್ನು ದೂರುವುದು ಸಲ್ಲದು.

ಮುಂದಿನ ವರ್ಷಕ್ಕೆ ಪ್ರತಿ ಪ್ರಶ್ನೆಯ ಕಠಿಣತೆಯನ್ನೂ ಬರೆದಿಡಿ. ಎಕ್ಸೆಲ್‌ನಲ್ಲಿ ಮಗುವಿಗೊಂದು ಸಾಲು, ಪ್ರಶ್ನೆಗೊಂದು ಕಂಬ. ಸರಿಗೆ 1, ತಪ್ಪಿಗೆ 0. ಈಗ ತಪ್ಪು ಮೇಲೆ, ಸರಿ ಕೆಳಗೆ: 120ರಲ್ಲಿ 90 ಮಂದಿ ಸರಿ ಮಾಡಿದ ಪ್ರಶ್ನೆಗೆ 30/90ರ ಲಾಗ್, ಅಂದರೆ ಋಣ 1.10. ಮೂವತ್ತೇ ಮಂದಿ ಮಾಡಿದ್ದಕ್ಕೆ 1.10. ಕೊನೆಗೆ ನಲವತ್ತು ಪ್ರಶ್ನೆಗಳ ಕಠಿಣತೆಯ ಸರಾಸರಿಯನ್ನು ಪ್ರತಿಯೊಂದರಿಂದ ಕಳೆಯಿರಿ. ಎಲ್ಲರೂ ಸರಿ ಮಾಡಿದ ಅಥವಾ ಯಾರೂ ಮಾಡದ ಪ್ರಶ್ನೆಗೆ ಲಾಗ್ ಸಿಗುವುದಿಲ್ಲ, ಬಿಟ್ಟುಬಿಡಿ. ಹಾಗೆಯೇ ಸಮಯ ಸಾಲದೆ ಕೊನೆಯಲ್ಲಿ ಮುಟ್ಟದೇ ಬಿಟ್ಟ ಪ್ರಶ್ನೆಗಳಿಗೆ 0 ಹಾಕಬೇಡಿ, ಖಾಲಿ ಬಿಡಿ. ಇಲ್ಲದಿದ್ದರೆ 38, 39, 40ನೇ ಪ್ರಶ್ನೆಗಳು ಇಲ್ಲದ ಕಷ್ಟವನ್ನು ಹೊತ್ತುಕೊಳ್ಳುತ್ತವೆ.

ಕೊಂಡಿ ಪ್ರಶ್ನೆಗಳ ಮೇಲೆ ಕಣ್ಣಿಡಿ. ಎರಡೂ ವರ್ಷದ ಕಠಿಣತೆಯನ್ನು ಅಕ್ಕಪಕ್ಕ ಬರೆದರೆ ಹತ್ತೂ ಹೆಚ್ಚುಕಡಿಮೆ ಒಂದೇ ಅಂತರದಲ್ಲಿ ಸರಿದಿರಬೇಕು. ಯಾವುದೋ ಒಂದು ಉಳಿದವಕ್ಕಿಂತ ಅರ್ಧ ಲಾಜಿಟ್ ಆಚೆ ಹೋಗಿದ್ದರೆ ಅದನ್ನು ಕೊಂಡಿಯಿಂದ ತೆಗೆಯಿರಿ. ಸಾಮಾನ್ಯವಾಗಿ ಅದು 5ನೇ ಜಾಗದಿಂದ 36ನೇ ಜಾಗಕ್ಕೆ ಹೋಗಿರುತ್ತದೆ, ಇಲ್ಲವೇ ಯಾರೋ ತರಗತಿಯಲ್ಲಿ ಅದನ್ನೇ ಮಾಡಿಸಿರುತ್ತಾರೆ.

ಪ್ರಶ್ನೆ: ಒಂದು ಪ್ರಶ್ನೆಯನ್ನು ಜಾಣ ಮಕ್ಕಳೇ ತಪ್ಪು ಮಾಡಿದ್ದಾರೆ, ಹಿಂದಿನ ಬೆಂಚಿನವರು ಸರಿ ಮಾಡಿದ್ದಾರೆ. ಹೇಗೆ?
– ಬಿ.ಇಡಿ. ವಿದ್ಯಾರ್ಥಿ, ಮೈಸೂರು

ಉತ್ತರ: ಮೊದಲು ಕೀ ಉತ್ತರ ನೋಡಿ. ಹತ್ತಕ್ಕೆ ಎಂಟು ಸಲ ಎಂದು ಲೆಕ್ಕ ಕೊಡಲಾರೆವು, ಆದರೆ ಅನುಮಾನಿಸಬೇಕಾದ ಮೊದಲ ಜಾಗ ಅದೇ. ಒಟ್ಟು ಅಂಕದ ಪ್ರಕಾರ ಮೇಲಿನ ಶೇ. 27 ಮತ್ತು ಕೆಳಗಿನ ಶೇ. 27 ಮಕ್ಕಳನ್ನು ಬೇರ್ಪಡಿಸಿ. ನೂರು ಮಂದಿಯಲ್ಲಿ ಮೇಲಿನ 27ರಲ್ಲಿ 9, ಕೆಳಗಿನ 27ರಲ್ಲಿ 14 ಸರಿ ಎಂದಿಟ್ಟುಕೊಳ್ಳಿ. 9ರಿಂದ 14 ಕಳೆದು 27ರಿಂದ ಭಾಗಿಸಿದರೆ ಋಣ 0.19. ಒಳ್ಳೆಯ ಪ್ರಶ್ನೆಗೆ ಇದು ಧನ 0.3ರ ಮೇಲಿರಬೇಕು.

ಕೀ ಸರಿಯಿದ್ದರೆ ಒಂದೊಂದು ಆಯ್ಕೆಯನ್ನು ಎಷ್ಟು ಮಂದಿ ಆರಿಸಿದರು ಎಂದು ಎಣಿಸಿ. ‘ಯಾವ ಸಂಖ್ಯೆಯ ವರ್ಗ 49?’ ಎಂದು ಕೇಳಿ 7, −7, 14, 98 ಎಂದು ಆಯ್ಕೆ ಕೊಟ್ಟು, ಕೀಯಲ್ಲಿ 7 ಮಾತ್ರ ಹಾಕಿದರೆ, ಋಣ ಸಂಖ್ಯೆ ಚೆನ್ನಾಗಿ ಕಲಿತ ಮಗುವೇ ಅಂಕ ಕಳೆದುಕೊಳ್ಳುತ್ತದೆ. ‘ಯಾವುದು ಅಲ್ಲ’ ಎಂಬಲ್ಲಿ ‘ಅಲ್ಲ’ ಮುಂದಿನ ಸಾಲಿಗೆ ಜಾರಿ ಕಣ್ಣಿಗೆ ಬೀಳದೆ ಹೋಗುವುದೂ ಉಂಟು. ಅಂಥ ಪ್ರಶ್ನೆಯನ್ನು ಯಾವ ಮಾದರಿಯೂ ಉಳಿಸಿಕೊಡದು.

ಪ್ರಶ್ನೆ: ಎರಡು, ಮೂರು ನಿಯತಾಂಕದ ಮಾದರಿ ಬಳಸಲೇ?
– ಉಪನ್ಯಾಸಕ, ಮಂಡ್ಯ

ಉತ್ತರ: ರಾಷ್ ಮಾದರಿಯಲ್ಲಿ ಪ್ರಶ್ನೆಗೆ ಇರುವುದು ಒಂದೇ ನಿಯತಾಂಕ, ಅದರ ಕಠಿಣತೆ. ಎರಡನೆಯ ನಿಯತಾಂಕ ಪ್ರಶ್ನೆಯ ಭೇದಕ ಶಕ್ತಿಗೆ, ಅಂದರೆ ಬಲ್ಲವರನ್ನೂ ಅರಿಯದವರನ್ನೂ ಅದು ಎಷ್ಟು ಚೆನ್ನಾಗಿ ಬೇರ್ಪಡಿಸುತ್ತದೆ ಎಂಬುದಕ್ಕೆ; ಮೂರನೆಯದು ಊಹೆಗೆ. ಇವನ್ನು ಅಲನ್ ಬರ್ನ್‌ಬಾಮ್ 1968ರಲ್ಲಿ ವಿವರವಾಗಿ ಮಂಡಿಸಿದರು. ನಾಲ್ಕು ಆಯ್ಕೆಯಿದ್ದರೆ ಕಣ್ಣು ಮುಚ್ಚಿ ಗೀಚಿದರೂ ಶೇ. 25 ಸರಿಯಾಗುತ್ತದಲ್ಲ, ಹಾಗಾಗಿ ಮೂರನೆಯದು ಆಸೆ ಹುಟ್ಟಿಸುತ್ತದೆ. ಆದರೆ ಅದಕ್ಕೆ ಸಾವಿರಕ್ಕೂ ಹೆಚ್ಚು ಮಕ್ಕಳ ಉತ್ತರ ಬೇಕು, ಎರಡು ನಿಯತಾಂಕಕ್ಕೆ ಕೆಲವು ನೂರಾದರೂ ಬೇಕು. ನೂರಿನ ಆಸುಪಾಸಿದ್ದರೆ ರಾಷ್ ಸಾಕು. ‘ಆರ್’ ಎಂಬ ಸಂಖ್ಯಾಶಾಸ್ತ್ರದ ತಂತ್ರಾಂಶ ಉಚಿತ, ಅದರಲ್ಲಿ ಈ ಲೆಕ್ಕಕ್ಕೆಂದೇ ‘ಮಿರ್ಟ್’, ‘ಟ್ಯಾಮ್’ ಎಂಬ ಪ್ಯಾಕೇಜುಗಳಿವೆ.

ಪ್ರಶ್ನೆ: ಆಲೆಮನೆಯ ಕೊಪ್ಪರಿಗೆಯ ಮೇಲೆ ಗಾತ್ರದ ಲೆಕ್ಕ ಕೊಟ್ಟರೆ ಪಟ್ಟಣದ ಮಕ್ಕಳಿಗೆ ಅನ್ಯಾಯವೇ?
– ಶಿಕ್ಷಕ, ಪಾಂಡವಪುರ

ಉತ್ತರ: ಪರೀಕ್ಷಿಸಿ ನೋಡಿ. ಒಟ್ಟು ಅಂಕ ಸಮನಾಗಿರುವ ಹಳ್ಳಿಯ ಮತ್ತು ಪಟ್ಟಣದ ಮಕ್ಕಳನ್ನು ಮಾತ್ರ ಹೋಲಿಸಿ: 10ರಿಂದ 15, 16ರಿಂದ 20, ಹೀಗೆ ಗುಂಪು ಮಾಡಿ. ಪ್ರತಿ ಗುಂಪಿನಲ್ಲೂ ಪಟ್ಟಣದವರೇ ಹಿಂದಿದ್ದರೆ ಪ್ರಶ್ನೆ ಗಣಿತದ ಜೊತೆಗೆ ಕೊಪ್ಪರಿಗೆಯ ಪರಿಚಯವನ್ನೂ ಅಳೆಯುತ್ತಿದೆ. ಆಗ ಒಂದು ಚಿತ್ರ ಬರೆದು ಅಳತೆಗಳನ್ನು ಗುರುತಿಸಿ ಮತ್ತೆ ಕೊಟ್ಟು ನೋಡಿ.