ಹಳೆಯ ಎಂಜಿಬಿ ಕಾರಿನ ಪ್ರೊಪೆಲ್ಲರ್ ಶಾಫ್ಟನ್ನು ಮನೆಯಲ್ಲೇ ಬಿಚ್ಚಿ ಸರಿಮಾಡಬಹುದೇ?

ನಿಮ್ಮದು 1972ರ ಎಂಜಿಬಿ ಜಿಟಿ, ಬ್ರಿಟಿಷ್ ಸ್ಪೋರ್ಟ್ಸ್ ಕಾರು. ಕ್ಲಚ್ ಬಿಟ್ಟೊಡನೆ ಹಿಂಬದಿಯಿಂದ ‘ಟಣ್’ ಎಂಬ ಸದ್ದು. 50 ಮೈಲಿ ವೇಗ ದಾಟಿದರೆ ಸೀಟಿನಡಿ ಅದುರು. ಗ್ಯಾರೇಜಿನವರು ‘ಡ್ರೈವ್ ಶಾಫ್ಟ್ ಹೋಗಿದೆ, ಹೊಸದು ಹಾಕಿಸಿ’ ಎಂದಿದ್ದಾರೆ. ನಿಮ್ಮ ಬಳಿ ಇರುವುದು ಒಂದು ಜ್ಯಾಕ್, ಒಂದು ಸ್ಪ್ಯಾನರ್ ಸೆಟ್ಟು ಮತ್ತು ಒಂದು ಭಾನುವಾರ. ಕೈಹಾಕಬಹುದೇ ಎಂದು ಕೇಳಿದ್ದೀರಿ. ಹಾಕಬಹುದು. ಇಂಗ್ಲೆಂಡಿನ ಕೊವೆಂಟ್ರಿಯ ನಮ್ಮ ಮನೆಯ ಮುಂದಿನ ಕಾಂಕ್ರೀಟಿನ ಮೇಲೆ ಅಂಗಾತ ಮಲಗಿ ನಾನು ಈ ಕೆಲಸವನ್ನು ಮೂರು ಬಾರಿ ಮಾಡಿದ್ದೇನೆ. ಮೂರನೆಯ ಬಾರಿ ಮಾಡಬೇಕಾಗಿ ಬಂದದ್ದು ಎರಡನೆಯ ಬಾರಿಯ ನನ್ನ ತಪ್ಪಿನಿಂದ. ಅದನ್ನು ಆಮೇಲೆ ಹೇಳುತ್ತೇನೆ.

ಮೊದಲು ಹೆಸರಿನ ವಿಚಾರ. ಬಿಡಿಭಾಗ ತರಿಸುವಾಗ ‘ಡ್ರೈವ್ ಶಾಫ್ಟ್’ ಎಂದರೆ ಇಲ್ಲಿನ ಅಂಗಡಿಯವರಿಗೆ ಗೊಂದಲವಾಗುತ್ತದೆ. ಗೇರ್‌ಬಾಕ್ಸಿನಿಂದ ಹಿಂದಿನ ಆಕ್ಸಲ್‌ವರೆಗೆ ಕಾರಿನ ಹೊಟ್ಟೆಯಡಿ ಹೋಗುವ ಕೊಳವೆಯಂಥದ್ದು ಪ್ರೊಪೆಲ್ಲರ್ ಶಾಫ್ಟ್. ಆಕ್ಸಲ್ಲಿನ ಒಳಗೆ ಚಕ್ರಗಳಿಗೆ ಹೋಗುವವು ಹಾಫ್ ಶಾಫ್ಟುಗಳು. ಊರಿನಲ್ಲಿ ಅಂಬಾಸಿಡರ್ ಕಾಲದ ಮೆಕ್ಯಾನಿಕ್ ಬಾಯಲ್ಲಿ ‘ಕ್ರಾಸ್ ಹೋಗಿದೆ’ ಎಂಬ ಮಾತು ಕೇಳಿದ್ದೀರಲ್ಲ, ನಿಮ್ಮ ಕಾರಿನ ಕಾಯಿಲೆಯೂ ಬಹುಶಃ ಅದೇ. ಆ ಕಾರಿಗೂ ಇದಕ್ಕೂ ದೂರದ ನೆಂಟಸ್ತಿಕೆ ಇದೆ. ಹಳೆಯ ಅಂಬಾಸಿಡರಿನ 1489 ಸಿಸಿ ಎಂಜಿನ್ನೂ ಎಂಜಿಬಿಯ 1798 ಸಿಸಿ ಎಂಜಿನ್ನೂ ಒಂದೇ ಬಿ-ಸೀರೀಸ್ ವಂಶದವು. ಶಾಫ್ಟಿನ ಎರಡು ತುದಿಗಳಲ್ಲೂ ಕೂಡುಚಿಹ್ನೆಯಂಥ ಉಕ್ಕಿನ ಶಿಲುಬೆ. ಅದರ ನಾಲ್ಕು ತೋಳುಗಳಿಗೂ ಟೋಪಿ ಹಾಕಿದಂತೆ ಬೇರಿಂಗ್ ಕಪ್ಪುಗಳು. ಇಂಗ್ಲೆಂಡಿನವರು ಯುಜೆ (ಯೂನಿವರ್ಸಲ್ ಜಾಯಿಂಟ್) ಎನ್ನುತ್ತಾರೆ, ನಾವು ಕ್ರಾಸ್ ಎನ್ನುತ್ತೇವೆ.

ಆದರೆ ಶಾಫ್ಟ್ ಬಿಚ್ಚುವ ಮುಂಚೆ ಒಂದು ಗಂಟೆ ಪರೀಕ್ಷೆಗೆ ಕೊಡಿ. ಎಂಜಿಬಿಯಲ್ಲಿ ‘ಟಣ್’ ಸದ್ದು ಮೂರು ಕಡೆಯಿಂದ ಬರಬಹುದು, ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವ ಪ್ರಸಂಗ ಇಲ್ಲಿ ಬಹಳ. ನಿಮ್ಮ ಕಾರಿಗೆ ಸೈಕಲ್ಲಿನಂತೆ ಕಡ್ಡಿಗಳಿರುವ ವೈರ್ ವೀಲ್ ಇದ್ದರೆ ಮೊದಲ ಅನುಮಾನ ಅದರ ಮೇಲೆ. ಆ ಚಕ್ರ ಹಬ್ಬಿನ (ಆಕ್ಸಲ್ ತುದಿಯ ಗುಂಬದ) ಮೇಲಿನ ಸಣ್ಣ ಹಲ್ಲುಗಳಿಗೆ ಕಚ್ಚಿಕೊಂಡು ಕೂತಿರುತ್ತದೆ. ಹಲ್ಲು ಸವೆದರೆ ವೇಗ ಕೊಟ್ಟಾಗಲೂ ಬಿಟ್ಟಾಗಲೂ ಸದ್ದು. ಹಿಂದಿನ ಚಕ್ರ ಎತ್ತಿ, ಮನೆಯವರೊಬ್ಬರಿಗೆ ಬ್ರೇಕ್ ಒತ್ತಿ ಹಿಡಿಯಲು ಹೇಳಿ, ಚಕ್ರವನ್ನು ಹಿಂದಕ್ಕೂ ಮುಂದಕ್ಕೂ ತಿರುಗಿಸಿ ನೋಡಿ. ಹಬ್ಬು ನಿಂತಿದ್ದು ಚಕ್ರ ಮಾತ್ರ ಅಲುಗಿದರೆ ಶಾಫ್ಟಿನ ತಂಟೆಗೆ ಹೋಗಬೇಡಿ. ಎರಡನೆಯದು ಡಿಫರೆನ್ಷಿಯಲ್ಲಿನ (ಆಕ್ಸಲ್ಲಿನ ನಡುವೆ ಶಾಫ್ಟಿನ ಬಲವನ್ನು ಎರಡು ಚಕ್ರಗಳಿಗೆ ಹಂಚುವ ಗೇರುಗಳ) ಒಳಗಿನ ಥ್ರಸ್ಟ್ ವಾಷರುಗಳು. ಎಂಜಿಬಿ ಇಟ್ಟುಕೊಂಡವರೆಲ್ಲ ಒಂದಲ್ಲ ಒಂದು ದಿನ ಈ ಸವಕಲು ವಾಷರಿನ ಸದ್ದನ್ನು ಕೇಳಿಯೇ ಇರುತ್ತಾರೆ. ಶಾಫ್ಟನ್ನು ಕೈಯಲ್ಲಿ ಹಿಡಿದು ತಿರುಚಿದಾಗ ಕ್ರಾಸಿನ ಎರಡೂ ಬದಿ ಒಟ್ಟಿಗೇ ಅಲುಗಿ, ಆಕ್ಸಲ್ಲಿನ ಒಳಗೆ ಎಲ್ಲೋ ‘ಕಟ್’ ಎಂದರೆ ಕಾರಣ ಅಲ್ಲಿದೆ. ಕ್ರಾಸಿನ ಒಂದು ಬದಿ ಅಲುಗಿ ಇನ್ನೊಂದು ಬದಿ ಸುಮ್ಮನಿದ್ದರೆ ಕಳ್ಳ ಸಿಕ್ಕಿದ ಹಾಗೆ.

ಟಾರ್ಚ್ ಹಿಡಿದು ಕಪ್ಪಿನ ಅಂಚನ್ನೂ ನೋಡಿ. ಒಳಗಿನ ಗ್ರೀಸ್ ಒಣಗಿ ಉಕ್ಕಿಗೆ ಉಕ್ಕು ಉಜ್ಜಿದ್ದರೆ ಅಂಚಿನ ಸುತ್ತ ತುಕ್ಕಿನ ನಯವಾದ ಪುಡಿ ಕೂತಿರುತ್ತದೆ, ಯಾರೋ ಕುಂಕುಮ ಉದುರಿಸಿದ ಹಾಗೆ. ಅದು ಕಂಡರೆ ಬೇರೆ ಸಾಕ್ಷಿ ಬೇಡ.

ಅದುರಿನ ಬಗ್ಗೆಯೂ ಒಂದು ಸುಲಭ ಪರೀಕ್ಷೆ ಇದೆ. ಅದುರು ಬರುವ ವೇಗದಲ್ಲಿ, ರಸ್ತೆ ಖಾಲಿಯಿದ್ದಾಗ, ಕ್ಲಚ್ ಒತ್ತಿ ಕಾರನ್ನು ಹಾಗೇ ಹೋಗಲು ಬಿಡಿ. ಎಂಜಿನ್ನಿನ ಸದ್ದು ಇಳಿದರೂ ಅದುರು ಉಳಿದರೆ ಎಂಜಿನ್ನಿನ ತಪ್ಪಲ್ಲ. ಗೇರ್ ಯಾವುದೇ ಇರಲಿ, ಶಾಫ್ಟ್ ತಿರುಗುವುದು ಚಕ್ರದ ಲೆಕ್ಕದಲ್ಲಿ. ಹಿಂದಿನ ಆಕ್ಸಲ್ಲಿನ ಅನುಪಾತ 3.9, ಅಂದರೆ ಚಕ್ರದ ಒಂದು ಸುತ್ತಿಗೆ ಶಾಫ್ಟ್ 3.9 ಸುತ್ತು, ಆದ್ದರಿಂದ 60 ಮೈಲಿ ವೇಗದಲ್ಲಿ ಅದು ನಿಮಿಷಕ್ಕೆ ಸುಮಾರು 3,300 ಸುತ್ತು ತಿರುಗುತ್ತಿರುತ್ತದೆ, ಅಂದರೆ ಸೆಕೆಂಡಿಗೆ 55. ಅಷ್ಟು ವೇಗದಲ್ಲಿ ಸಣ್ಣ ಸಡಿಲವೂ ಸೊಂಟಕ್ಕೆ ಗೊತ್ತಾಗುತ್ತದೆ.

ಇನ್ನು ಬಿಚ್ಚುವ ಕೆಲಸ. ಹಿಂದಿನ ಚಕ್ರಗಳು ನೆಲ ಬಿಡಬೇಕು, ಏಕೆಂದರೆ ಶಾಫ್ಟ್ ತಿರುಗಿಸಿ ತಿರುಗಿಸಿ ಬೋಲ್ಟುಗಳನ್ನು ಕೈಗೆ ತಂದುಕೊಳ್ಳಬೇಕು. ಹ್ಯಾಂಡ್ ಬ್ರೇಕ್ ಹಿಡಿಯುವುದು ಹಿಂದಿನ ಚಕ್ರಗಳನ್ನೇ. ಅವು ಗಾಳಿಯಲ್ಲಿರುವಾಗ ಕಾರನ್ನು ನಿಲ್ಲಿಸುವವರು ಯಾರೂ ಇಲ್ಲ. ಆದ್ದರಿಂದ ಮುಂದಿನ ಚಕ್ರಗಳಿಗೆ ಎರಡೂ ಕಡೆ ಅಡ್ಡಗಟ್ಟೆ ಕೊಡಿ, ಆಕ್ಸಲ್ಲಿನ ಎರಡೂ ಬದಿಗೆ ಸ್ಟ್ಯಾಂಡ್ ಇಡಿ. ಬರೀ ಜ್ಯಾಕನ್ನು ನಂಬಿ ಕೆಳಗೆ ತೂರಬೇಡಿ. ಈ ಮಾತಿನಲ್ಲಿ ನಾನು ಯಾರ ಜೊತೆಗೂ ರಾಜಿಯಾಗುವುದಿಲ್ಲ.

ಎರಡೂ ತುದಿಗಳ ಫ್ಲಾಂಜಿಗೆ, ಅಂದರೆ ಎದುರಿನ ಭಾಗಕ್ಕೆ ಕೂಡಿಸುವ ಚಪ್ಪಟೆ ತಟ್ಟೆಗೆ, ನಾಲ್ಕು ನಾಲ್ಕು ಬೋಲ್ಟು. ಅವು ಇಂಚಿನ ಅಳತೆಯವು, 9/16ರ ಸ್ಪ್ಯಾನರ್ ಬೇಕು. ಮೆಟ್ರಿಕ್ ಸ್ಪ್ಯಾನರ್ ಒತ್ತಾಯಕ್ಕೆ ಕೂತರೂ ಮೂಲೆ ಸವೆಯುತ್ತದೆ. ಬೋಲ್ಟ್ ಸಡಿಲಿಸುವ ಮುನ್ನ ಎರಡು ಫ್ಲಾಂಜುಗಳ ಮೇಲೂ ಹಾದುಹೋಗುವಂತೆ ಬಿಳಿ ಬಣ್ಣದ ಗೆರೆ ಎಳೆಯಿರಿ, ಹಿಂದೆಯೂ ಮುಂದೆಯೂ. ಶಾಫ್ಟಿನ ಮುಂತುದಿಯಲ್ಲಿ ಹಿಂದೆಮುಂದೆ ಜಾರುವ ಹಲ್ಲಿನ ಕೀಲು ಇದೆಯಲ್ಲ, ಅದರ ಮೇಲೂ ಒಂದು ಗೆರೆ. ಹ್ಯಾಂಡ್ ಬ್ರೇಕ್ ಎಳೆದು ಬೋಲ್ಟ್ ಸಡಿಲಿಸಿ, ಬ್ರೇಕ್ ಬಿಟ್ಟು ಶಾಫ್ಟ್ ತಿರುಗಿಸಿ, ಮತ್ತೆ ಎಳೆದು ಮುಂದಿನ ಬೋಲ್ಟು. ಹಿಂದಿನ ನಾಲ್ಕು ಸಲೀಸು. ಮುಂದಿನ ನಾಲ್ಕು, ಕಾರಿನ ನೆಲದ ನಡುವೆ ಶಾಫ್ಟ್ ಹಾದುಹೋಗುವ ಸುರಂಗದೊಳಗೆ ಇಕ್ಕಟ್ಟಿನಲ್ಲಿವೆ. ಸ್ಪ್ಯಾನರ್ ತಿರುಗುವುದು ಅಂಗುಲ ಅಂಗುಲ. ಜನವರಿಯ ಚಳಿಯಲ್ಲಿ ಇದನ್ನು ಮಾಡುವಾಗ ನನಗೆ ಬಂದ ಬೈಗುಳಗಳೆಲ್ಲ ಅಪ್ಪಟ ಹಾಸನದವು. ಕೊನೆಯ ಬೋಲ್ಟ್ ಬರುವ ಮುನ್ನ ಶಾಫ್ಟಿಗೆ ಕೈ ಕೊಟ್ಟಿರಿ, ಅದು ಎದೆಯ ಮೇಲೆ ಬಿದ್ದರೆ ಚೆನ್ನಾಗಿರುವುದಿಲ್ಲ. ಗೇರ್‌ಬಾಕ್ಸಿನಿಂದ ಎಣ್ಣೆ ಸುರಿಯುತ್ತದೆಂಬ ಭಯ ಬೇಡ. ಎಂಜಿಬಿಯ ತಮ್ಮನಂಥ ಚಿಕ್ಕ ಕಾರು ಎಂಜಿ ಮಿಡ್ಜೆಟ್ಟಿನಲ್ಲಿ ಶಾಫ್ಟ್ ನೇರವಾಗಿ ಗೇರ್‌ಬಾಕ್ಸಿನೊಳಗೆ ತೂರಿರುತ್ತದೆ, ಎಳೆದರೆ ಎಣ್ಣೆ ಬರುತ್ತದೆ. ಎಂಜಿಬಿಯಲ್ಲಿ ಫ್ಲಾಂಜ್ ಇರುವುದರಿಂದ ಆ ರಗಳೆ ಇಲ್ಲ.

ಹೊರಬಂದ ಮೇಲಿನ ಕೆಲಸ ಬೆಂಚಿನ ಮೇಲಿನದು, ನನಗೆ ಪ್ರಿಯವಾದದ್ದೂ ಅದೇ. ಕಪ್ಪುಗಳನ್ನು ಹಿಡಿದಿರುವ ಸರ್ಕ್ಲಿಪ್ಪುಗಳ (ಸ್ಪ್ರಿಂಗಿನಂಥ ಉಂಗುರಗಳ) ಸುತ್ತ ಹಳೆಯ ಬಣ್ಣ, ಕೆಸರು ಕೆರೆದು, ತುಕ್ಕು ಬಿಡಿಸುವ ಎಣ್ಣೆ ಹಾಕಿ ರಾತ್ರಿಯಿಡೀ ಬಿಡಿ. ಕ್ಲಿಪ್ಪು ಹಠ ಮಾಡಿದರೆ ಕಪ್ಪಿನ ತಲೆಗೆ ಮೆಲ್ಲನೆ ಒಂದೇಟು. ಕ್ಲಿಪ್ಪಿನ ಮೇಲಿನ ಒತ್ತಡ ಇಳಿದು ಇಕ್ಕಳಕ್ಕೆ ಬರುತ್ತದೆ. ಆಮೇಲೆ ವೈಸಿನಲ್ಲಿ ಒಂದು ಬದಿಗೆ ಕಪ್ಪಿಗಿಂತ ಚಿಕ್ಕ ಸಾಕೆಟ್, ಎದುರು ಬದಿಗೆ ಕಪ್ಪು ಒಳಸೇರುವಷ್ಟು ದೊಡ್ಡ ಸಾಕೆಟ್ ಇಟ್ಟು ಬಿಗಿಯುತ್ತ ಹೋದರೆ ಎದುರಿನ ಕಪ್ಪು ಹೊರಬರುತ್ತದೆ. ಸುತ್ತಿಗೆಯಿಂದ ಹೊಡೆದು ತೆಗೆಯುವವರೂ ಇದ್ದಾರೆ, ಆದರೆ ಕ್ರಾಸನ್ನು ಹಿಡಿದಿರುವ ಕವಲು, ಅಂದರೆ ಫೋರ್ಕ್, ಬಾಗಿದರೆ ಇಡೀ ಶಾಫ್ಟೇ ಗುಜರಿಗೆ. ಹಳೆಯ ಕ್ರಾಸಿನ ತೋಳನ್ನು ಒರೆಸಿ ನೋಡಿ: ಬೇರಿಂಗಿನ ಸೂಜಿಗಳು ಒತ್ತಿ ಒತ್ತಿ ಬಾಚಣಿಗೆಯ ಹಲ್ಲಿನಂಥ ಗೆರೆಗಳು ಮೂಡಿರುತ್ತವೆ. ಉಗುರು ಎಳೆದರೆ ‘ಟರ್’ ಎನ್ನುತ್ತದೆ. ಕಪ್ಪು ಕೂರುವ ಫೋರ್ಕಿನ ತೂತು ಮೊಟ್ಟೆಯಾಕಾರಕ್ಕೆ ಸವೆದಿದ್ದರೆ ಮಾತ್ರ ಗ್ಯಾರೇಜಿನವರ ಮಾತು ಸರಿ, ಹೊಸ ಶಾಫ್ಟೇ ತರಿಸಬೇಕು. ಗೇರ್‌ಬಾಕ್ಸ್, ಆಕ್ಸಲ್ ಬದಲಾದಂತೆ ಶಾಫ್ಟಿನ ಉದ್ದವೂ ಬದಲಾಗುತ್ತದೆ. ಹಳೆಯದನ್ನು ಅಳೆದೇ ಹೇಳಿ.

ಹೊಸ ಕಪ್ಪಿನಲ್ಲಿ ಬೆಂಕಿಕಡ್ಡಿಗಿಂತ ತೆಳುವಾದ ಸೂಜಿಗಳು ಗೋಡೆಗೆ ಒರಗಿ ಸಾಲಾಗಿ ನಿಂತಿರುತ್ತವೆ, ಗ್ರೀಸಿನ ಅಂಟಿನಲ್ಲಿ. ಕೂರಿಸುವಾಗ ಒಂದು ಸೂಜಿ ಜಾರಿ ಕಪ್ಪಿನ ತಳಕ್ಕೆ ಅಡ್ಡ ಬಿದ್ದರೆ ಸರ್ಕ್ಲಿಪ್ಪು ತನ್ನ ಕಚ್ಚಿನಲ್ಲಿ ಕೂರುವುದಿಲ್ಲ. ಆಗ ವೈಸನ್ನು ಇನ್ನಷ್ಟು ಬಿಗಿಯುವ ಆಸೆ ಹುಟ್ಟುತ್ತದೆ. ಬೇಡ. ಕಪ್ಪು ತೆಗೆದು ಸೂಜಿಯನ್ನು ಸಾಲಿಗೆ ಸೇರಿಸಿ ಮತ್ತೆ ಹಾಕಿ. ಕ್ರಾಸಿನ ತೋಳನ್ನು ಮೊದಲೇ ಕಪ್ಪಿನೊಳಗೆ ಸ್ವಲ್ಪ ತೂರಿಸಿಟ್ಟು ಒತ್ತಿದರೆ ಸೂಜಿಗಳು ಬೀಳುವ ಸಂಭವ ಕಡಿಮೆ. ಗ್ರೀಸ್ ನಿಪ್ಪಲ್ ಇರುವ ಕ್ರಾಸಾದರೆ ಅದರ ಮೂತಿ ಶಾಫ್ಟಿನ ಕಡೆಗಿರಲಿ, ಮುಂದೆ ಗ್ರೀಸ್ ಗನ್ನಿಗೆ ಜಾಗ ಸಿಗಬೇಕಲ್ಲ. ಎಲ್ಲ ಕೂತ ಮೇಲೆ ಕ್ರಾಸು ಬಿಗಿ ಎನಿಸಿದರೆ ಫೋರ್ಕಿನ ಕಿವಿಗೆ ಮೆತ್ತನೆಯ ಸುತ್ತಿಗೆಯಿಂದ ತಟ್ಟಿ. ಒಳಗಿನ ಬಿಗಿತ ಸಡಿಲುತ್ತದೆ.

ಈಗ ನನ್ನ ತಪ್ಪು. ಎರಡನೆಯ ಬಾರಿ ಶುಚಿ ಮಾಡುವ ಉತ್ಸಾಹದಲ್ಲಿ ಜಾರುವ ಕೀಲನ್ನೂ ಪೂರ್ತಿ ಹೊರಗೆಳೆದೆ. ಫ್ಲಾಂಜಿಗೆ ಗೆರೆ ಎಳೆದಿದ್ದೆ, ಕೀಲಿಗೆ ಎಳೆದಿರಲಿಲ್ಲ. ಹಲ್ಲುಗಳು ಯಾವ ಕೋನದಲ್ಲಿ ಹಾಕಿದರೂ ಒಳಗೆ ಹೋಗುತ್ತವೆ, ಹೋಯಿತು. 40 ಮೈಲಿಗೇ ಕನ್ನಡಿಯಲ್ಲಿ ಹಿಂದಿನ ಕಾರು ಎರಡಾಗಿ ಕಾಣತೊಡಗಿತು. ಚಕ್ರಗಳನ್ನು ಎರಡು ಸಲ ಬ್ಯಾಲೆನ್ಸ್ ಮಾಡಿಸಿದೆ, ಗೇರ್‌ಬಾಕ್ಸಿನ ರಬ್ಬರ್ ಬದಲಿಸಿದೆ. ಎರಡು ತಿಂಗಳ ನಂತರ ಕೆಳಗೆ ತೂರಿ ಬಣ್ಣ ಕೆರೆದಾಗ ಕಾರ್ಖಾನೆಯವರು ಹಾಕಿದ್ದ ಬಾಣದ ಗುರುತುಗಳು ಕಂಡವು. ಒಂದು ಒಂದು ಕಡೆ, ಇನ್ನೊಂದು ಬೇರೆ ಕಡೆ.

ಕಾರಣ ಇಷ್ಟು. ಓರೆಯಲ್ಲಿ ತಿರುಗುವ ಕ್ರಾಸು ವೇಗವನ್ನು ಸಮನಾಗಿ ದಾಟಿಸುವುದಿಲ್ಲ. ಪ್ರತಿ ಸುತ್ತಿಗೆ ಎರಡು ಬಾರಿ ಶಾಫ್ಟನ್ನು ಮುಂದಕ್ಕೆ ತಳ್ಳಿ ಎರಡು ಬಾರಿ ತಡೆಯುತ್ತದೆ. ಹಿಂದಿನ ಕ್ರಾಸು ಅದನ್ನೇ ತಿರುವುಮುರುವು ಮಾಡಿ ಲೆಕ್ಕ ಚುಕ್ತಾ ಮಾಡುತ್ತದೆ, ಆದರೆ ಶಾಫ್ಟಿನ ಎರಡು ತುದಿಗಳ ಫೋರ್ಕುಗಳು ಒಂದೇ ಸಮತಲದಲ್ಲಿದ್ದರೆ ಮಾತ್ರ. ನಾನು ಅವನ್ನು ತಪ್ಪಿಸಿ ಕೂರಿಸಿದ್ದರಿಂದ ಸಾಲ ತೀರುವ ಬದಲು ಬಡ್ಡಿ ಬೆಳೆಯಿತು. ನೀವು ಶಾಫ್ಟನ್ನು ನೆಲದ ಮೇಲೆ ಮಲಗಿಸಿ, ಒಂದು ತುದಿಯಿಂದ ಒಂದೇ ಕಣ್ಣಿನಲ್ಲಿ ನೋಡಿ. ಎರಡೂ ಫೋರ್ಕುಗಳು ಒಂದರ ಹಿಂದೆ ಒಂದು ಅಡಗಿದರೆ ಸರಿ.

ವಾಪಸ್ ಹಾಕುವಾಗ ಬಿಳಿ ಗೆರೆಗಳು ಕೂಡಲಿ, ನೈಲಾನ್ ಉಂಗುರದ ನಟ್ಟುಗಳು ಹೊಸವಿರಲಿ, ಬಿಗಿತ ವರ್ಕ್‌ಶಾಪ್ ಕೈಪಿಡಿಯಲ್ಲಿರುವಷ್ಟೇ ಇರಲಿ. ನೂರು ಮೈಲಿ ಓಡಿಸಿದ ಮೇಲೆ ಇನ್ನೊಮ್ಮೆ ಕೆಳಗೆ ಹೋಗಿ ಎಂಟೂ ನಟ್ಟುಗಳಿಗೆ ಸ್ಪ್ಯಾನರ್ ಹಾಕಿ ನೋಡಿ. ಬ್ರಿಟನ್ನಿನಲ್ಲಿ 40 ವರ್ಷ ದಾಟಿದ, ಹೆಚ್ಚು ಮಾರ್ಪಾಡಾಗದ ಕಾರುಗಳಿಗೆ 2018ರಿಂದ ಎಂಒಟಿ ತಪಾಸಣೆ ಕಡ್ಡಾಯವಿಲ್ಲದ ಕಾರಣ, ನೀವು ನೋಡದಿದ್ದರೆ ಬೇರೆ ಯಾರೂ ಅಲ್ಲಿಗೆ ಇಣುಕುವುದಿಲ್ಲ. ಚಕ್ರದ ಪರೀಕ್ಷೆ ಮಾಡಿದಾಗ ಏನು ಕಂಡಿತು, ಕಪ್ಪಿನ ಅಂಚಿನಲ್ಲಿ ಕೆಂಪು ಪುಡಿ ಇತ್ತೇ, ಇಷ್ಟನ್ನು ತಿಳಿಸಿದರೆ ಒಂದು ಕ್ರಾಸು ತರಿಸಬೇಕೋ ಎರಡೋ ಎಂದು ಹೇಳುತ್ತೇನೆ.