ಎರಡೂವರೆ ಲಕ್ಷದ ಗೇಮಿಂಗ್ ಪಿಸಿ: ಅಂಗಡಿಯವರ ಪಟ್ಟಿ ಪಕ್ಕಕ್ಕಿಟ್ಟು ಮೊದಲು ನಿನ್ನ ರೂಮು ನೋಡು

ತಮ್ಮಾ, ನಿನ್ನ ಪ್ರಶ್ನೆ ಪೂರ್ತಿ ಓದಿದೆ. ಮನೆ ವಿಜಯಪುರ ಜಿಲ್ಲೆಯ ಇಂಡಿಯಲ್ಲಿ, ಮಾಳಿಗೆ ಮೇಲಿನ ರೂಮು, ಮಾನಿಟರ್ ಸೇರಿ ಎರಡೂವರೆ ಲಕ್ಷ. ಅಂಗಡಿಯವರು ಕೊಟ್ಟ ಪಟ್ಟಿಯಲ್ಲಿ ಐ9-14900ಕೆ ಪ್ರೊಸೆಸರ್, ಆರ್‌ಟಿಎಕ್ಸ್ 5070 ಗ್ರಾಫಿಕ್ಸ್ ಕಾರ್ಡು, 64 ಜಿಬಿ ರ‍್ಯಾಮ್, 360 ಎಂಎಂ ಲಿಕ್ವಿಡ್ ಕೂಲರ್, ಮುಂದೆ ಗಾಜಿರುವ ಕೇಬಿನೆಟ್, ಯಾವ ಕಂಪನಿದು ಅಂತಲೇ ಬರೆಯದ, ಪಿಸಿಗೆ ಕರೆಂಟು ಒದಗಿಸುವ 650 ವ್ಯಾಟ್ ಎಸ್‌ಎಂಪಿಎಸ್. "ಇದು ಹೈ ಎಂಡ್ ಅಲ್ವಾ ಅಣ್ಣಾ?" ಅಂತ ಕೇಳಿದ್ದೀಯ. ನೋಡಲು ಹೈ ಎಂಡೇ. ಆದರೆ ದುಡ್ಡು ಬೇಡದ ಕಡೆ ಹೋಗಿದೆ, ಬೇಕಾದ ಕಡೆ ಕಡಿಮೆಯಾಗಿದೆ.

ಮೊದಲು ಮಾನಿಟರ್ ಯಾವುದು ಅಂತ ತೀರ್ಮಾನ ಮಾಡು. ಉಳಿದದ್ದೆಲ್ಲ ಅದರ ಹಿಂದೆ ಬರುತ್ತದೆ. 4ಕೆ ಪರದೆಯಲ್ಲಿ (3840×2160) 1440ಪಿ ಪರದೆಗಿಂತ (2560×1440) 2.25 ಪಟ್ಟು ಪಿಕ್ಸೆಲ್ ಇರುತ್ತವೆ. ಅಷ್ಟೂ ಭಾರ ಗ್ರಾಫಿಕ್ಸ್ ಕಾರ್ಡಿನ ಮೇಲೆ. ನಿನ್ನ ಬಜೆಟ್ಟಿಗೆ 27 ಇಂಚಿನ 1440ಪಿ, 165 ಹರ್ಟ್ಸ್ (ಸೆಕೆಂಡಿಗೆ 165 ಸಲ ಚಿತ್ರ ಬದಲಿಸುವುದು) ಅಥವಾ ಅದಕ್ಕಿಂತ ಮೇಲಿನದು ಸರಿ.

ಈಗ ಕಾರ್ಡು. 5070ರಲ್ಲಿ ಇರುವುದು 12 ಜಿಬಿ ಮೆಮೊರಿ. ಇಷ್ಟು ದುಡ್ಡು ಹಾಕಿ 12 ಜಿಬಿಗೆ ನಿಲ್ಲಬೇಡ. 5070 ಟಿಐ, 5080 ಎರಡರಲ್ಲೂ 16 ಜಿಬಿ ಇದೆ. 2025ರಲ್ಲಿ ಬಿಡುಗಡೆಯಾದಾಗ ಇಲ್ಲಿ ಟಿಐಗೆ 80,000, 5080ಗೆ 1,07,000 ಅಂತ ಬೆಲೆ ಇಟ್ಟಿದ್ದರು. ಅಂಗಡಿಯಲ್ಲಿ ಬೆಲೆ ಮೇಲೆ ಕೆಳಗೆ ಆಗುತ್ತಿರುತ್ತದೆ, ಆದರೆ ಅಂತರ ಗಮನಿಸು. ಆಟದಲ್ಲಿ ಸಿಗುವ ವ್ಯತ್ಯಾಸ ಸುಮಾರು 15% ಅಷ್ಟೇ. ನಾನಾದರೆ ಟಿಐ ತಗೊಂಡು ಉಳಿದ ದುಡ್ಡನ್ನು ಯುಪಿಎಸ್‌ಗೆ ಹಾಕುತ್ತೇನೆ. ಎಎಂಡಿಯ 9070 ಎಕ್ಸ್‌ಟಿ ಕೂಡ 16 ಜಿಬಿಯದೇ. ಒಳ್ಳೆ ರೇಟಿಗೆ ಸಿಕ್ಕರೆ ಬಿಡಬೇಡ. 5090 ವಿಷಯ ಮರೆತುಬಿಡು. ಅದೊಂದೇ 575 ವ್ಯಾಟ್ ಎಳೆಯುತ್ತದೆ, ಬೆಲೆಯೂ ಎರಡು ಲಕ್ಷದ ಮೇಲೆ.

ಪ್ರೊಸೆಸರ್ ಬದಲಾಯಿಸಲೇಬೇಕು. 14900ಕೆ ಜೋರಾಗಿ ಓಡಿದಾಗ 253 ವ್ಯಾಟ್ ತನಕ ಹೋಗುತ್ತದೆ. ಇಂಟೆಲ್‌ನ 13, 14ನೇ ತಲೆಮಾರಿನ ಈ ದೊಡ್ಡ ಚಿಪ್‌ಗಳಲ್ಲಿ ವೋಲ್ಟೇಜ್ ಹೆಚ್ಚಾಗಿ ಗೇಮ್ ಕ್ರ್ಯಾಶ್ ಆಗುವ ಗೋಳು ಇತ್ತು. 2024ರಲ್ಲಿ ಮೈಕ್ರೋಕೋಡ್ (ಚಿಪ್ಪಿನೊಳಗಿನ ತಂತ್ರಾಂಶ) ಅಪ್‌ಡೇಟ್ ಬಿಟ್ಟು ವಾರಂಟಿಯನ್ನೂ ಎರಡು ವರ್ಷ ಹೆಚ್ಚಿಸಿದರು. ಜೊತೆಗೆ ಆ ಸಾಕೆಟ್ಟಿಗೆ (ಬೋರ್ಡಿನಲ್ಲಿ ಚಿಪ್ ಕೂರುವ ಜಾಗ) ಮುಂದೆ ಹೊಸ ಚಿಪ್ ಇಲ್ಲ. ಎಎಂಡಿಯ ರೈಜನ್ 7 9800ಎಕ್ಸ್3ಡಿ ತಗೋ. ಎಂಟೇ ಕೋರ್ ಅಂತ ಮೂಗು ಮುರಿಯಬೇಡ. 96 ಎಂಬಿ ಕ್ಯಾಶ್ (ಚಿಪ್ಪಿನೊಳಗಿನ ವೇಗದ ಮೆಮೊರಿ) ಇದೆ, ಆಟಕ್ಕೆ ಬೇಕಾಗಿರುವುದು ಅದು. 7800ಎಕ್ಸ್3ಡಿ ಕಡಿಮೆಗೆ ಸಿಕ್ಕರೆ ಅದೂ ಸಾಕು.

ಬೋರ್ಡು ಬಿ850 ಸಾಕು. ಹಳೆ ಬಿ650 ತಗೊಂಡರೆ ಬಯೋಸ್ (ಬೋರ್ಡಿನ ಮೂಲ ತಂತ್ರಾಂಶ) ಹಳೆಯದಿದ್ದು 9800 ಅನ್ನು ಗುರುತಿಸದೇ ಇರಬಹುದು. ಪೆನ್ ಡ್ರೈವಿನಿಂದ ಅಪ್‌ಡೇಟ್ ಮಾಡುವ ಫ್ಲ್ಯಾಶ್‌ಬ್ಯಾಕ್ ಬಟನ್ ಇದೆಯಾ ನೋಡಿಕೋ. ರ‍್ಯಾಮ್ 32 ಜಿಬಿ, 16ರ ಎರಡು ಸ್ಟಿಕ್, ಡಿಡಿಆರ್5 6000 ಸಿಎಲ್30. 2025ರ ಕೊನೆಯಿಂದ ಎಐ ಡೇಟಾ ಸೆಂಟರ್‌ಗಳ ಬೇಡಿಕೆಯಿಂದ ರ‍್ಯಾಮ್ ರೇಟು ಏರಿದೆ. ಸುಮ್ನೆ 64ಕ್ಕೆ ದುಡ್ಡು ಸುರಿಯಬೇಡ. ಎಸ್‌ಎಸ್‌ಡಿ 2 ಟಿಬಿ ಜೆನ್4.

ಇನ್ನು ನಮ್ಮ ಕಡೆಯ ಅಸಲಿ ಸಮಸ್ಯೆ: ಬಿಸಿಲು, ದೂಳು, ಕರೆಂಟು. ಯೂಟ್ಯೂಬಿನಲ್ಲಿ ಕಾರ್ಡು 65 ಡಿಗ್ರಿ ತೋರಿಸುತ್ತದಲ್ಲ, ಅದು 20-25 ಡಿಗ್ರಿ ರೂಮಿನ ಲೆಕ್ಕ. ಮೇ ತಿಂಗಳಲ್ಲಿ ಸ್ಲ್ಯಾಬ್ ಕಾದ ಮೇಲೆ ನಿನ್ನ ಮಾಳಿಗೆ ರೂಮು 37-38ಕ್ಕೆ ಬಂದಿರುತ್ತದೆ. ರೂಮಿನ ಬಿಸಿ ಎಷ್ಟು ಏರಿತೋ ಹೆಚ್ಚುಕಡಿಮೆ ಅಷ್ಟೇ ಒಳಗೂ ಏರುತ್ತದೆ. ಹಾಗಾಗಿ ಮುಂದೆ ಗಾಜಿರುವ ಕೇಬಿನೆಟ್ ಬೇಡವೇ ಬೇಡ. ಮುಂಭಾಗ ಪೂರ್ತಿ ಜಾಲರಿ ಇರಲಿ, ತೊಳೆಯಲು ಬರುವ ಫಿಲ್ಟರ್ ಇರಲಿ. ಮುಂದೆ ಮೂರು ಫ್ಯಾನ್ ಒಳಗೆ ಊದಲಿ, ಹಿಂದೆ ಒಂದು ಹೊರಗೆ ಹಾಕಲಿ. ಒಳಬರುವ ಗಾಳಿ ಜಾಸ್ತಿ ಇದ್ದರೆ ಸಂದಿಯಿಂದ ದೂಳು ಎಳೆದುಕೊಳ್ಳುವುದಿಲ್ಲ. ಎಎಂಡಿ ಚಿಪ್ಪಿಗೆ ಥರ್ಮಲ್‌ರೈಟ್ ಪೀರ್‌ಲೆಸ್ ಅಸಾಸಿನ್ ತರದ ಎರಡು ಫ್ಯಾನಿನ ಏರ್ ಕೂಲರ್ ಸಾಕು. ಲಿಕ್ವಿಡ್ ಕೂಲರಿನ ಹಾಗೆ ಪಂಪು ಕೆಡುವ ಚಿಂತೆಯೂ ಇಲ್ಲ. ಬೇಸಿಗೆಯಲ್ಲಿ ಕಾರ್ಡಿನ ಪವರ್ ಲಿಮಿಟ್ 80%ಗೆ ಇಳಿಸು. ಫ್ರೇಮು ಸ್ವಲ್ಪವೇ ಇಳಿಯುತ್ತದೆ, ಬಿಸಿ ಚೆನ್ನಾಗಿ ತಗ್ಗುತ್ತದೆ.

ಜೋಳದ ರಾಶಿ ಕಾಲದಲ್ಲಿ ಫಿಲ್ಟರನ್ನು ವಾರಕ್ಕೊಮ್ಮೆ ತೆಗೆದು ತೊಳಿ. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಹತ್ತಿರ ಮಾತ್ರ ಒಯ್ಯಬೇಡ. ಅದರ ಗಾಳಿಯಲ್ಲಿ ನೀರು ಬರುತ್ತದೆ. ಸಣ್ಣ ಬ್ಲೋವರ್ ಸಾಕು. ಊದುವಾಗ ಫ್ಯಾನಿನ ರೆಕ್ಕೆ ಬೆರಳಲ್ಲಿ ಹಿಡಿದುಕೋ, ತಿರುಗಲು ಬಿಡಬೇಡ.

ಎಸ್‌ಎಂಪಿಎಸ್‌ನಲ್ಲಿ ಜಿಪುಣತನ ಬೇಡ. 850 ವ್ಯಾಟ್, ಗೋಲ್ಡ್ (ಕರೆಂಟು ಕಡಿಮೆ ಪೋಲು ಮಾಡುವ ದರ್ಜೆ), ಎಟಿಎಕ್ಸ್ 3.1 (ಹೊಸ ಕಾರ್ಡುಗಳಿಗೆ ಹೊಂದುವ ಮಾನದಂಡ), ಹೆಸರಿರುವ ಕಂಪನಿಯದು. ಅದಕ್ಕೂ ಮೊದಲು ಮನೆಯ ಅರ್ಥಿಂಗ್ ನೋಡಿಸು. ಬರಿಗಾಲಲ್ಲಿ ನಿಂತು ಕೇಬಿನೆಟ್ಟಿನ ಸ್ಕ್ರೂ ಮುಟ್ಟಿದರೆ ಜುಮ್ ಅನ್ನುತ್ತದಲ್ಲ, ಅದು ಅರ್ಥಿಂಗ್ ಇಲ್ಲ ಅನ್ನುವ ಗುರುತು. ಎಲೆಕ್ಟ್ರಿಷಿಯನ್ ಕರೆಸಿ ಸಾಕೆಟ್ಟಿನಲ್ಲಿ ನ್ಯೂಟ್ರಲ್‌ಗೂ ಅರ್ಥ್‌ಗೂ ನಡುವೆ ಮೀಟರ್ ಇಡಿಸು. 2-3 ವೋಲ್ಟಿನ ಒಳಗಿದ್ದರೆ ಚಿಂತೆಯಿಲ್ಲ. ಹತ್ತು, ಇಪ್ಪತ್ತು ತೋರಿಸಿದರೆ ಪಿಸಿ ಆಮೇಲೆ, ಮೊದಲು ಅರ್ಥಿಂಗ್ ಗುಂಡಿ.

ಮನೆಯ ಸ್ಕ್ವೇರ್ ವೇವ್ ಇನ್ವರ್ಟರಿಗೆ ಇದನ್ನು ಹಚ್ಚಬೇಡ. ಸುತ್ತಲಿನ ಪಂಪ್‌ಸೆಟ್ ಚಾಲೂ ಆದಾಗ ಲೈಟು ಮಿಣುಕುವ ಕಡೆ ಪ್ಯೂರ್ ಸೈನ್ ವೇವ್ ಯುಪಿಎಸ್ ಬೇಕು. ವಿಎ (ವೋಲ್ಟ್-ಆಂಪಿಯರ್) ಅಂಕಿ ನೋಡಿ ಮೋಸ ಹೋಗಬೇಡ, ವ್ಯಾಟ್ ನೋಡು. 1000 ವಿಎ ಅಂದರೆ ಎಷ್ಟೋ ಸಲ 600 ವ್ಯಾಟ್ ಮಾತ್ರ. ಆಡುವಾಗ ಮಾನಿಟರ್ ಸೇರಿ 500 ವ್ಯಾಟ್ ಹತ್ತಿರ ಹೋಗುತ್ತದೆ, ಒಮ್ಮೊಮ್ಮೆ ಜಿಗಿಯುತ್ತದೆ. 900 ವ್ಯಾಟಿನದು ತಗೋ. ಅದು ಆಟ ಮುಂದುವರಿಸಲು ಅಲ್ಲ, ಸೇವ್ ಮಾಡಿ ಬಂದ್ ಮಾಡಲು.

ದಿನಕ್ಕೆ ನಾಲ್ಕು ಗಂಟೆ ಆಡಿದರೆ ಎರಡು ಯೂನಿಟ್, ತಿಂಗಳಿಗೆ ಅರವತ್ತು. ಗೃಹಜ್ಯೋತಿಯಲ್ಲಿ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ಅಪ್ಪನಿಗೆ ಮೊದಲೇ ಹೇಳಿಡು, ಹೆಸ್ಕಾಂ ಬಿಲ್ ಬಂದ ದಿನ ಹೇಳುವುದಕ್ಕಿಂತ ಅದೇ ಚಂದ!

ಬಿಡಿ ಭಾಗ ಸೊಲ್ಲಾಪುರ, ಪುಣೆ, ಬೆಂಗಳೂರಿನ ಎಸ್.ಪಿ. ರೋಡು, ಆನ್‌ಲೈನ್, ಎಲ್ಲಿಂದಾದರೂ ತರಿಸು. ಜಿಎಸ್‌ಟಿ ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಬರೆಸು. ಆದರೆ ಅಲ್ಲೇ ಜೋಡಿಸಿ ಬಸ್ ಪಾರ್ಸೆಲ್ ಹಾಕಿಸಬೇಡ. ಅಷ್ಟು ಭಾರದ ಕಾರ್ಡು ಸ್ಲಾಟಿನಲ್ಲಿ ನೇತಾಡುತ್ತಾ ನಮ್ಮ ರಸ್ತೆಯಲ್ಲಿ ಬಂದರೆ ಬೋರ್ಡಿನ ಗತಿ ಏನು?

ಜೋಡಿಸುವುದು ಕಷ್ಟವಲ್ಲ, ಅವಸರ ಬೇಡ. ಪಿನ್ನುಗಳು ಚಿಪ್ಪಿನಲ್ಲಿಲ್ಲ, ಬೋರ್ಡಿನ ಸಾಕೆಟ್ಟಿನಲ್ಲಿವೆ. ಬೆರಳು ತಾಗಿದರೂ ಬಾಗುತ್ತವೆ. ಮೇಲಿನ ಕಪ್ಪು ಪ್ಲಾಸ್ಟಿಕ್ ಮುಚ್ಚಳ ಮೊದಲೇ ಕೀಳಬೇಡ, ಚಿಪ್ ಇಟ್ಟು ಲಿವರ್ ಒತ್ತಿದಾಗ ತಾನೇ ಹಾರುತ್ತದೆ. ಕೂಲರಿನ ತಳದ ತೆಳು ಹಾಳೆ ಕಿತ್ತೆಯಾ ಅಂತ ಎರಡು ಸಲ ನೋಡು. ರ‍್ಯಾಮ್ ಎರಡನೇ ಮತ್ತು ನಾಲ್ಕನೇ ಸ್ಲಾಟಿಗೆ. ಕಾರ್ಡಿನ 16 ಪಿನ್ನಿನ ಕೇಬಲ್ ಸಂದಿ ಕಾಣದಂತೆ ಪೂರ್ತಿ ಒತ್ತು. ಮೂಲದಿಂದ ಮೂರ್ನಾಲ್ಕು ಸೆಂಟಿಮೀಟರ್ ತನಕ ಬಗ್ಗಿಸಬೇಡ. 4090 ಕಾರ್ಡುಗಳಲ್ಲಿ ಕನೆಕ್ಟರ್ ಕರಗಿದ ಸುದ್ದಿ ಕೇಳಿರಬೇಕಲ್ಲ.

ಮೊದಲ ಸಲ ಆನ್ ಮಾಡಿದಾಗ ಕೆಲವು ನಿಮಿಷ ಪರದೆ ಕಪ್ಪಾಗಿಯೇ ಇರಬಹುದು. ಡಿಡಿಆರ್5 ಮೆಮೊರಿ ಹೊಂದಿಸಿಕೊಳ್ಳುತ್ತಿರುತ್ತದೆ. ಗಾಬರಿಯಾಗಿ ಸ್ವಿಚ್ ಆರಿಸಬೇಡ. ಆಮೇಲೆ ಬಯೋಸಿನಲ್ಲಿ ಎಕ್ಸ್‌ಪೋ ಆನ್ ಮಾಡು, ಇಲ್ಲದಿದ್ದರೆ 6000ದ ರ‍್ಯಾಮ್ ನಿಧಾನಕ್ಕೇ ಓಡುತ್ತದೆ. ಮಾನಿಟರ್ ಕೇಬಲ್ ಬೋರ್ಡಿಗಲ್ಲ, ಕಾರ್ಡಿಗೆ. ವಿಂಡೋಸಿನಲ್ಲಿ 165 ಹರ್ಟ್ಸ್ ಆಯ್ಕೆ ಮಾಡುವುದನ್ನು ತುಂಬಾ ಜನ ಮರೆಯುತ್ತಾರೆ.

ಆರ್ಡರ್ ಮಾಡುವ ಮುಂಚೆ ಕೇಬಿನೆಟ್ ಹೆಸರು, ಕಾರ್ಡಿನ ಉದ್ದ, ಅರ್ಥಿಂಗ್ ಮೀಟರಿನ ಅಂಕಿ, ಮೂರನ್ನೂ ಇಲ್ಲೇ ಕೆಳಗೆ ಹಾಕು. ಕಾರ್ಡು ಕೂರುತ್ತದಾ ಇಲ್ಲವಾ ನೋಡಿ ಹೇಳುತ್ತೇನೆ.